ಮೂರು ಕಾಲಿನ ನಾಯಿಗೆ ಮನೆ ಸಿದ್ಧವಿದೆಯೇ?

ನಾಯಿಯ ಒಂದು ಕಾಲು ತೆಗೆಯದೆ ಬೇರೆ ದಾರಿಯಿಲ್ಲ ಎಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಮೂಕಪ್ರಾಣಿಗೆ ಇಷ್ಟು ಹಿಂಸೆ ಏಕೆ, ಒಂದು ಇಂಜೆಕ್ಷನ್ ಕೊಡಿಸಿ ನೆಮ್ಮದಿಯಾಗಿ ಕಳಿಸಿಬಿಡೋಣ ಎಂಬುದು ಒಂದು. ನಾಯಿಗೇನು, ಮೂರು ಕಾಲಾದರೂ ನಾಲ್ಕೇ ದಿನಕ್ಕೆ ಓಡಾಡುತ್ತದೆ ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬಂದ ಮಾತುಗಳು. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೆ ನಾಯಿ ಕಳೆಯಬೇಕಾದ ಮೊದಲ ಮೂರು ನಾಲ್ಕು ವಾರಗಳು ಎರಡರ ಲೆಕ್ಕಕ್ಕೂ ಸಿಗುವುದಿಲ್ಲ. ಕಾಲು ತೆಗೆಯುವ ಕೆಲಸ ವೈದ್ಯರ ಕೈಯಲ್ಲಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಾಯಿ ಮುಂದೆ ಹೇಗೆ ಬದುಕುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆಯ ನೆಲ, ಅದರ ಊಟದ ತಟ್ಟೆ, ರಾತ್ರಿ ಎದ್ದು ಮಾತ್ರೆ ಕೊಡುವ ಕೈ.

ಇಲ್ಲಿ ಮಾತಾಡುವವರು ಇಬ್ಬರು. ಹಾಸನದ ಕಡೆಯ ಹಳ್ಳಿಯಲ್ಲಿ ದನ, ಎಮ್ಮೆ, ನಾಯಿಗಳ ನಡುವೆಯೇ ಆಯುಷ್ಯ ಕಳೆದ ಹಿರಿಯರು ಒಬ್ಬರು. ಪಶುವೈದ್ಯಕೀಯ ಓದಿ ಈಗಷ್ಟೇ ಕೆಲಸಕ್ಕೆ ಸೇರಿರುವ ಅವರ ತಮ್ಮನ ಮಗಳು ಇನ್ನೊಬ್ಬಳು. ಮನೆಯ ನಾಟಿ ನಾಯಿಗೆ ಬೈಕ್ ಬಡಿದು ಬಲ ಮುಂಗಾಲಿನ ನರಗಳು ಬೆನ್ನುಹುರಿಯ ಬುಡದಿಂದಲೇ ಕಿತ್ತುಹೋಗಿವೆ. ಕಾಲು ನೇತಾಡುತ್ತಿದೆ. ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂದಿದೆ. ಬಲಗಣ್ಣಿನ ರೆಪ್ಪೆ ತುಸು ಇಳಿಬಿದ್ದು ಪಾಪೆ ಕಿರಿದಾಗಿದೆ.

ದೊಡ್ಡಪ್ಪ: ನಿನ್ನ ಓದಿನ ಮೇಲೆ ನನಗೆ ಗೌರವ ಇದೆ ಮಗಳೇ. ಆದ್ರೆ ಕಾಲು ಮುರಿದ ಎತ್ತಿನ ಕಾಲು ಕತ್ತರಿಸಿ ಯಾರೂ ಉಳಿಸಿಕೊಳ್ಳಲ್ಲ. ಅದು ನರಕ ಅಂತ ಹಳ್ಳೀಲಿ ಎಲ್ಲರಿಗೂ ಗೊತ್ತು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ನರಳ್ತಾ ಬಿದ್ದಿತ್ತು. ಗಾಂಧೀಜಿಯೇ ವೈದ್ಯರನ್ನ ಕರೆಸಿ, ಇಂಜೆಕ್ಷನ್ ಕೊಡಿಸಿ ಅದಕ್ಕೆ ಮುಕ್ತಿ ಕೊಟ್ಟರು. ಜೀವಮಾನವೆಲ್ಲಾ ಅಹಿಂಸೆ ಅಂದ ಮನುಷ್ಯ ಅವರು. ಎಷ್ಟೋ ಜನ ಸಿಟ್ಟಾಗಿ ಕಾಗದ ಬರೆದರು, ಆದ್ರೂ ತಾವು ಮಾಡಿದ್ದು ಸರಿ ಅಂತಲೇ ಅವರು ನಿಂತರು. ಕರುವಿಗೆ ತೋರಿಸಿದ ಕರುಣೆ ನಾಯಿಗೆ ಯಾಕೆ ಬೇಡ?

ಮಗಳು: ಆ ಕರುವಿನ ಸ್ಥಿತಿ ಏನಿತ್ತು ಅನ್ನೋದನ್ನೂ ನೋಡಬೇಕು ದೊಡ್ಡಪ್ಪ. ಇನ್ನು ಮಾಡೋದಕ್ಕೆ ಏನೂ ಉಳಿದಿಲ್ಲ ಅಂತ ವೈದ್ಯರು ಹೇಳಿದ್ದರು. ಮಗ್ಗುಲು ಬದಲಿಸಿದರೂ ತಡೆಯಲಾರದ ನೋವು ಅದಕ್ಕೆ. ಗಾಂಧೀಜಿಯ ತೀರ್ಮಾನ ನಿಂತಿದ್ದೇ ಅದರ ಮೇಲೆ, ವಾಸಿಯಾಗೋ ದಾರಿ ಮುಚ್ಚಿತ್ತು ಅನ್ನೋದರ ಮೇಲೆ. ನಮ್ಮ ನಾಯಿಗೆ ದಾರಿ ಮುಚ್ಚಿಲ್ಲ. ಅದಕ್ಕೆ ತೊಂದರೆ ಕೊಡ್ತಿರೋದು ಆ ಒಂದು ಕಾಲು. ಎತ್ತಿನ ಮಾತು ಹೇಳಿದ್ರಿ, ಅದು ನಿಜ. ನಾನೂರು ಕಿಲೋ ತೂಗೋ ಪ್ರಾಣಿಗೆ ಒಂದೊಂದು ಕಾಲಿನ ಮೇಲೂ ನೂರು ಕಿಲೋ ಭಾರ. ಒಂದು ಹೋದರೆ ಉಳಿದವು ತಡೆಯೋದು ಕಷ್ಟ, ಮಲಗಿದಲ್ಲೇ ಮಲಗಿದರೆ ಮೈಗೆ ಹುಣ್ಣು ಬೀಳುತ್ತೆ, ಹೊಟ್ಟೆ ಉಬ್ಬರಿಸುತ್ತೆ. ನಾಯಿ ಹದಿನೈದು ಇಪ್ಪತ್ತು ಕಿಲೋ. ಅದರ ಬೆನ್ನು ಬಾಗುತ್ತೆ, ಮೈ ಹಗುರ, ಕುಂಟಿಕೊಂಡೇ ಓಡೋದೂ ಅದಕ್ಕೆ ಬರುತ್ತೆ. ಮುಳ್ಳು ಚುಚ್ಚಿದ ನಾಯಿ ಒಂದು ಕಾಲೆತ್ತಿಕೊಂಡು ಇಡೀ ಊರು ಸುತ್ತೋದನ್ನ ನೀವೇ ನೋಡಿಲ್ವಾ? ಎತ್ತಿನ ಅನುಭವದಿಂದ ನಾಯಿಗೆ ತೀರ್ಪು ಕೊಡೋದು ಸರಿ ಬರಲ್ಲ.

ದೊಡ್ಡಪ್ಪ: ಹಾಗಾದ್ರೆ ಕಾಲು ಇದ್ದ ಹಾಗೇ ಇರಲಿ. ಅಲ್ಲಾಡ್ತಾ ಇದ್ದರೆ ಇರಲಿ, ಬಟ್ಟೆ ಸುತ್ತೋಣ. ಒಂದಲ್ಲ ಒಂದು ದಿನ ಜೀವ ಬರಬಹುದು.

ಮಗಳು: ನರ ಬರೀ ಜಗ್ಗಿದ್ದರೆ ಕೆಲವು ವಾರದಲ್ಲಿ ಜೀವ ಮರಳೋದುಂಟು, ಅದಕ್ಕೇ ಇಷ್ಟು ದಿನ ಕಾದದ್ದು. ಬೆರಳ ಬುಡವನ್ನ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ ನೋಡ್ತಾರೆ. ನಾಯಿ ತಿರುಗಿ ನೋಡಬೇಕು, ಕುಯ್ ಅನ್ನಬೇಕು. ಬರೀ ಕಾಲೆಳೆದುಕೊಂಡರೆ ಸಾಲದು, ತಲೆಗೆ ಆ ನೋವು ಮುಟ್ಟಿದೆ ಅಂತ ಗೊತ್ತಾಗಬೇಕು. ಇದು ತಿರುಗಿಯೂ ನೋಡಲಿಲ್ಲ. ಕಣ್ಣಿನ ರೆಪ್ಪೆ ಇಳಿದಿರೋದೂ ಅದೇ ಪೆಟ್ಟಿನ ಗುರುತು. ಕಣ್ಣಿಗೆ ಹೋಗೋ ನರದ ದಾರಿ ಎದೆಯ ಮೊದಲ ನರಬೇರಿನ ಪಕ್ಕದಲ್ಲೇ ಹಾದುಹೋಗುತ್ತೆ, ಅಲ್ಲಿ ಕಿತ್ತರೆ ಕಣ್ಣೂ ಹೇಳುತ್ತೆ. ಇನ್ನು ಬಟ್ಟೆ ಸುತ್ತೋ ಮಾತು. ಸ್ಪರ್ಶವೇ ಇಲ್ಲದ ಪಾದ ಎಲ್ಲಿ ಉಜ್ಜಿದರೂ ನಾಯಿಗೆ ತಿಳಿಯಲ್ಲ. ಬಟ್ಟೆಯೊಳಗೇ ಕೊಳೆಯುತ್ತೆ, ನೊಣ ಕೂರುತ್ತೆ, ಹುಳ ಬೀಳುತ್ತೆ. ಕೆಲವು ನಾಯಿ ಆ ಜೋಮು ತಡೆಯಲಾರದೆ ತಮ್ಮ ಪಾದವನ್ನ ತಾವೇ ಕಚ್ಚಿಕೊಳ್ತವೆ. ಉಳಿಸಿಕೊಂಡ ಕಾಲು ಅದಕ್ಕೆ ಉಪಕಾರ ಮಾಡ್ತಾ ಇಲ್ಲ, ದಿನವೂ ಗಾಯ ಮಾಡ್ತಿದೆ.

ದೊಡ್ಡಪ್ಪ: ಸರಿ, ಕೆಳಗಿನ ತುಂಡು ಮಾತ್ರ ತೆಗೆಯಿರಿ. ಹೆಗಲ ತನಕ ಯಾಕೆ? ಮನುಷ್ಯರಿಗೆ ಜೈಪುರದ ಕಾಲು ಹಾಕ್ತಾರಲ್ಲ, ಹಾಗೆ ಇದಕ್ಕೂ ಒಂದು ಹಾಕಬಹುದು.

ಮಗಳು: ಎಲ್ಲರೂ ಕೇಳೋ ಪ್ರಶ್ನೆಯೇ ಇದು, ನ್ಯಾಯವಾದದ್ದೂ ಹೌದು. ಅರ್ಧ ಉಳಿಸಿದರೆ ನಾಯಿ ಆ ಮೋಟನ್ನೇ ಊರೋಕೆ ನೋಡುತ್ತೆ. ಅದಕ್ಕೆ ತಾನು ಊರಬಾರದು ಅಂತ ಯಾರು ಹೇಳಬೇಕು? ಮೋಟಿನ ತುದಿ ನೆಲಕ್ಕೆ ಬಡಿದು ಮತ್ತೆ ಮತ್ತೆ ಒಡೆಯುತ್ತೆ. ಅದಕ್ಕೇ ಮುಂಗಾಲಾದರೆ ಸಾಮಾನ್ಯವಾಗಿ ಹೆಗಲ ಮೂಳೆ ಸಮೇತ ತೆಗೀತಾರೆ, ಹಿಂಗಾಲಾದರೆ ತೊಡೆಯ ಮಧ್ಯಕ್ಕೋ ಸೊಂಟದ ಕೀಲಿಗೋ. ಕೃತಕ ಕಾಲು ನಾಯಿಗೂ ಇದೆ. ಆದ್ರೆ ಅದನ್ನ ತೊಡಿಸೋಕೆ ಸಾಕಷ್ಟು ಉದ್ದದ, ಸ್ಪರ್ಶ ಇರೋ, ಅಲ್ಲಾಡಿಸಬಲ್ಲ ಮೋಟು ಬೇಕು. ನರವೇ ಸತ್ತ ಕಾಲಿಗೆ ಏನು ಕಟ್ಟಿದರೂ ಅದು ಭಾರವೇ.

ದೊಡ್ಡಪ್ಪ: ಮುಂಗಾಲು ಅಂದ್ಯಲ್ಲ, ಅದೇ ನನ್ನ ಭಯ. ನಾಯಿಯ ತೂಕವೆಲ್ಲಾ ಮುಂದೆ. ಎದೆ, ತಲೆ, ಕುತ್ತಿಗೆ ಎಲ್ಲ ಅಲ್ಲೇ.

ಮಗಳು: ಅದು ಸರಿ. ನಿಂತಾಗ ಮೈಭಾರದ ನೂರರಲ್ಲಿ ಅರವತ್ತು ಪಾಲು ಮುಂಗಾಲುಗಳ ಮೇಲೆ, ನಲವತ್ತು ಹಿಂಗಾಲುಗಳ ಮೇಲೆ. ಅಂದ್ರೆ ಒಂದು ಮುಂಗಾಲು ಮೂವತ್ತು ಹೊರುತ್ತೆ, ಒಂದು ಹಿಂಗಾಲು ಇಪ್ಪತ್ತು. ಮುಂಗಾಲು ಹೋದ ನಾಯಿಗೆ ಸಮತೋಲ ಕಲಿಯೋದು ಹೆಚ್ಚು ಕಷ್ಟ, ಮೊದಮೊದಲು ಮುಗ್ಗರಿಸಿ ಗದ್ದ ಬಡಿಸಿಕೊಳ್ಳುತ್ತೆ. ಹಾಗಂತ ಕಲಿಯಲ್ಲ ಅಂತಲ್ಲ. ನೆದರ್ಲೆಂಡ್ಸ್‌ನಲ್ಲಿ ಕಾಲು ತೆಗೆದ 44 ನಾಯಿಗಳ ಬಗ್ಗೆ ಸಾಕಿದವರನ್ನ ವಿಚಾರಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹುಪಾಲು ನಾಯಿಗಳು ಒಂದು ತಿಂಗಳೊಳಗೆ ಹೊಂದಿಕೊಂಡಿದ್ದವು. 2015ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದರಲ್ಲಿ 64 ನಾಯಿಗಳು. ಅವುಗಳಲ್ಲಿ 58ರ ಸ್ವಭಾವದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ಅಂತ ಮನೆಯವರು ಹೇಳಿದ್ದಾರೆ, 47 ನಾಯಿಗಳ ಆಟ, ಓಡಾಟ ಮೊದಲಿನಂತೆಯೇ ಇತ್ತು. ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಸುಧಾರಿಸಿಕೊಂಡಿತು ಅಂದವರು 50 ಮಂದಿ.

ದೊಡ್ಡಪ್ಪ: ಹೇಳಿದವರು ಯಾರು? ಮನೆಯವರು. ಕತ್ತರಿಸಿ ಅಂತ ಒಪ್ಪಿಗೆ ಕೊಟ್ಟವರೂ ಅವರೇ. ದುಡ್ಡು ಸುರಿದು, ಕಣ್ಣೀರು ಹಾಕಿ, ಒಂದು ತೀರ್ಮಾನ ಮಾಡಿದ ಮನುಷ್ಯ ಆಮೇಲೆ ಅದು ತಪ್ಪಾಯ್ತು ಅಂತ ಸುಲಭವಾಗಿ ಹೇಳ್ತಾನಾ? ನಾಯಿಯನ್ನ ಕೇಳಿದರೆ ಏನು ಹೇಳುತ್ತಿತ್ತೋ ಯಾರಿಗೆ ಗೊತ್ತು? ಬಾಲ ಅಲ್ಲಾಡಿಸಿತು ಅಂದ ಮಾತ್ರಕ್ಕೆ ನೋವಿಲ್ಲ ಅಂತ ಅಲ್ಲ. ಒದೆ ತಿಂದ ನಾಯಿಯೂ ಯಜಮಾನ ಕರೆದರೆ ಬಾಲ ಅಲ್ಲಾಡಿಸುತ್ತೆ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಾಲು ತೆಗೆಸಿಕೊಂಡ ನಾಯಿಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಸಾಕಿದವರ ಬಾಯಿಂದ ಬಂದದ್ದು. ಆದರೆ ಅದೇ ಆಕ್ಷೇಪ ಎದುರು ದಿಕ್ಕಿಗೂ ಸಲ್ಲುತ್ತದೆ. ನಾಯಿ ನರಳುತ್ತಿದೆ ಎಂದು ನಿರ್ಧರಿಸುವವರೂ ಮನೆಯವರೇ, ಅವರೂ ನೋಡುವುದು ತಮ್ಮ ಕಣ್ಣಿನಿಂದಲೇ. ಕಾಲು ಕಳೆದುಕೊಂಡ ಮನುಷ್ಯನಿಗೆ ಗಾಯದ ಜೊತೆಗೆ ಇನ್ನೂ ಎಷ್ಟೋ ಭಾರ ಇರುತ್ತದೆ. ಕೆಲಸ ಏನಾಗುತ್ತದೆ, ಜನ ಹೇಗೆ ನೋಡುತ್ತಾರೆ, ನಾಳೆ ಹೇಗೆ ಎಂಬ ಚಿಂತೆಗಳು. ಆ ಭಾರವನ್ನೆಲ್ಲ ನಾಯಿಯ ಮೇಲೆ ಹೊರಿಸಿ ಇದು ಬದುಕಿಯೂ ಸತ್ತಂತೆ ಎನ್ನುವುದು ನಮ್ಮ ದುಃಖವನ್ನು ಅದರ ದುಃಖವೆಂದು ಎಣಿಸಿದಂತೆ. ಹಾಗೆಂದು ನಾಯಿಗೆ ಏನೂ ಅನಿಸುವುದಿಲ್ಲ ಎನ್ನುವುದು ಇನ್ನೂ ದೊಡ್ಡ ತಪ್ಪು. ಗಾಯದ ನೋವು, ಕತ್ತರಿಸಿದ ನರದ ನೋವು, ಎದ್ದರೆ ಬೀಳುತ್ತೇನೆಂಬ ಹೆದರಿಕೆ, ಇವು ನಾಯಿಗೆ ಪೂರ್ತಿ ಇವೆ. ನಾವು ಲೆಕ್ಕ ಹಾಕಬೇಕಾದದ್ದು ಇವನ್ನು, ಮತ್ತು ಇವನ್ನು ಕಣ್ಣಿಟ್ಟು ನೋಡುವವರಿಗೆ ಕಂಡುಹಿಡಿಯಲು ಸಾಧ್ಯವಿದೆ.

ಮಗಳು: ಬಾಲ ನೋಡಿ ನಂಬಬಾರದು ಅನ್ನೋದು ಸರಿ ದೊಡ್ಡಪ್ಪ. ಅದಕ್ಕೇ ನೋವಿನ ಲೆಕ್ಕಕ್ಕೆ ಬೇರೆ ಗುರುತುಗಳಿವೆ. ಬಿಸಿಲಿಲ್ಲದಿದ್ದರೂ ಏದುಸಿರು, ಎಷ್ಟು ಹೊತ್ತಾದರೂ ಒಂದು ಕಡೆ ಮಲಗದೆ ಎದ್ದು ಕೂತು ಮಾಡೋದು, ಕಿವಿ ಹಿಂದಕ್ಕೆ ಮಡಚಿ ಮೂಲೆ ಸೇರೋದು, ಗಾಯದ ಕಡೆ ತಿರುಗಿ ತಿರುಗಿ ನೋಡೋದು, ಹತ್ತಿರ ಕೈ ತಂದರೆ ಮೈ ಬಿಗಿ ಹಿಡಿಯೋದು. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಇವನ್ನೆಲ್ಲ ಸೇರಿಸಿ ಒಂದು ಅಂಕಪಟ್ಟಿ ಮಾಡಿದ್ದಾರೆ. ಒಟ್ಟು 24 ಅಂಕ. ಆರು ಮುಟ್ಟಿತು ಅಂದ್ರೆ ನೋವಿನ ಔಷಧಿ ಸಾಲದು ಅಂತ ಅರ್ಥ. ನಡೆಸಿ ನೋಡೋಕಾಗದ ನಾಯಿಗೆ ನಡಿಗೆಯ ಭಾಗ ಬಿಟ್ಟು 20ಕ್ಕೆ ಲೆಕ್ಕ, ಐದಕ್ಕೇ ಎಚ್ಚರ. ಮೊದಲ ಮೂರರಿಂದ ಐದು ದಿನ ತುಂಬ ಕಷ್ಟದ ದಿನಗಳು. ಆಗ ಒಂದೇ ಮಾತ್ರೆಗೆ ನೋವು ಬಗ್ಗಲ್ಲ. ಊತ ಇಳಿಸೋಕೆ ಮೆಲಾಕ್ಸಿಕ್ಯಾಮ್ ತರಹದ್ದು, ನರದ ನೋವಿಗೆ ಗ್ಯಾಬಪೆಂಟಿನ್, ಹೀಗೆ ಎರಡು ಮೂರು ಸೇರಿಸಿ ಕೊಡ್ತಾರೆ. ಹೊತ್ತು ತಪ್ಪಿಸಬಾರದು. ಅಳೋ ತನಕ ಕಾದು ಕೊಡೋ ಔಷಧಿ ಅಲ್ಲ ಅದು, ಅಳು ಬರದ ಹಾಗೆ ಕೊಡಬೇಕಾದದ್ದು.

ದೊಡ್ಡಪ್ಪ: ಮನೇಲಿ ನಿಮ್ಮ ದೊಡ್ಡಮ್ಮನ ಮಂಡಿನೋವಿನ ಮಾತ್ರೆ ಇದೆಯಲ್ಲ, ಸಾಲದೆ ಹೋದರೆ ಅದರಲ್ಲೇ ಅರ್ಧ ಕೊಟ್ಟರಾಯ್ತು.

ಮಗಳು: ಅಯ್ಯೋ, ಅದೊಂದು ಮಾಡಲೇಬೇಡಿ. ಮನುಷ್ಯರ ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೇಲಿ ಹುಣ್ಣು ಮಾಡ್ತವೆ, ಮೂತ್ರಪಿಂಡ ಕೆಡಿಸ್ತವೆ. ನಾಯಿಗೇ ಅಂತ ಕೊಟ್ಟ ಮಾತ್ರೆಯೂ ಖಾಲಿ ಹೊಟ್ಟೆಗೆ ಬೇಡ. ವಾಂತಿ ಆದರೆ, ಮಲ ಟಾರಿನ ಹಾಗೆ ಕಪ್ಪಗಾದರೆ ಕೂಡಲೇ ನಿಲ್ಲಿಸಿ ಫೋನ್ ಮಾಡಬೇಕು. ಹಾಗೇ ಹೊಲಿಗೆ ಮೇಲೆ ಅರಿಶಿನ, ಕೊಬ್ಬರಿಎಣ್ಣೆ ಯಾವುದೂ ಬೇಡ. ನಾಯಿ ನೆಕ್ಕಿದರೆ ಗಾಯ ವಾಸಿಯಾಗುತ್ತೆ ಅಂತೀರಲ್ಲ, ಈ ಗಾಯಕ್ಕೆ ಅದು ಸಲ್ಲದು. ಅದರ ನಾಲಿಗೆ ಒರಟು, ಬಾಯಿ ತುಂಬ ಸೂಕ್ಷ್ಮಜೀವಿಗಳು. ಒಂದು ರಾತ್ರಿ ಬಿಟ್ಟರೆ ಹೊಲಿಗೆ ಬಿಚ್ಚಿಟ್ಟಿರುತ್ತೆ. ಹತ್ತರಿಂದ ಹದಿನಾಲ್ಕು ದಿನ, ಹೊಲಿಗೆ ತೆಗೆಯೋ ತನಕ, ಕುತ್ತಿಗೆಗೆ ಕೋನ್ ಇರಲೇಬೇಕು.

ದೊಡ್ಡಪ್ಪ: ಮುಖದ ಸುತ್ತ ಬಕೆಟ್ ಕಟ್ಟಿದ ಹಾಗೆ ಇರುತ್ತಲ್ಲ ಅದು. ಪಾಪ, ಗೋಡೆಗೆ ಬಾಗಿಲಿಗೆ ಬಡಿದುಕೊಳ್ಳುತ್ತೆ.

ಮಗಳು: ಬಡಿದುಕೊಳ್ಳುತ್ತೆ, ನಿಜ. ಊಟದ ಹೊತ್ತಲ್ಲಿ ನಾವು ಎದುರಿಗೆ ಕೂತು ಬಿಚ್ಚಬಹುದು. ನಮ್ಮ ಕಣ್ಣು ತಪ್ಪಿದಾಗ ಬಿಚ್ಚೋ ಹಾಗಿಲ್ಲ.

ದೊಡ್ಡಪ್ಪ: ಆಸ್ಪತ್ರೆಯಿಂದ ತಂದ ದಿನ ಏನೇನು ಆಗುತ್ತೆ ಅಂತ ಬಿಡಿಸಿ ಹೇಳು. ನನಗೆ ಗಾಯ ಕಂಡರೆ ಹೆದರಿಕೆಯಿಲ್ಲ. ಗೊತ್ತಿಲ್ಲದ್ದು ಕಂಡರೆ ಹೆದರಿಕೆ.

ಮಗಳು: ಹೆಗಲಿಂದ ಎದೆಯ ತನಕ ಕೂದಲು ಬೋಳಿಸಿರ್ತಾರೆ. ಉದ್ದಕ್ಕೆ ಒಂದು ಹೊಲಿಗೆ, ಸುತ್ತ ಚರ್ಮ ನೀಲಿ ನೇರಳೆ ಬಣ್ಣಕ್ಕೆ ಕಂದಿರುತ್ತೆ. ಎರಡು ಮೂರು ದಿನಕ್ಕೆ ಆ ಬಣ್ಣ ಹೊಟ್ಟೆಯ ಕಡೆಗೆ ಇಳಿಯುತ್ತೆ, ಗಾಬರಿ ಬೇಡ, ರಕ್ತ ಕೆಳಗೆ ಜಾರೋದು ಅದು. ಗಾಯದ ಕೆಳತುದಿಯಲ್ಲಿ ಮೆತ್ತಗೆ ನೀರು ತುಂಬಿದ ಹಾಗೆ ಉಬ್ಬಬಹುದು. ಸಾಮಾನ್ಯವಾಗಿ ಅದು ತಾನೇ ಇಳಿಯುತ್ತೆ, ನಾವು ಒತ್ತಬಾರದು, ಸೂಜಿ ಚುಚ್ಚಬಾರದು. ಬಿಸಿಯಾಗಿ ಕೆಂಪಾದರೆ, ಕೀವು ಬಂದರೆ, ಹೊಲಿಗೆ ಬಾಯಿ ಬಿಟ್ಟರೆ, ಒಸಡು ಬಿಳಿಚಿಕೊಂಡರೆ ಆಗ ಓಡಬೇಕು. ಮೊದಲ ಎರಡು ಮೂರು ದಿನ ಐಸ್ ಅನ್ನ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಗಾಯದ ಮೇಲೆ ಹಿಡಿದರೆ ಊತ ಇಳಿಯುತ್ತೆ. ಮಲವಿಸರ್ಜನೆ ಮೂರು ನಾಲ್ಕು ದಿನ ಆಗದೆ ಇರಬಹುದು, ಅರಿವಳಿಕೆ ಮತ್ತು ನೋವಿನ ಔಷಧಿಯಿಂದ ಕರುಳು ನಿಧಾನ ಆಗಿರುತ್ತೆ. ಮೂತ್ರ ಮಾತ್ರ ಅಷ್ಟು ಹೊತ್ತು ತಡೆಯೋ ಹಾಗಿಲ್ಲ. ನಮ್ಮದು ಗಂಡುನಾಯಿ, ಕಾಲೆತ್ತೋ ಅಭ್ಯಾಸ. ಮುಂದೆ ಒಂದೇ ಕಾಲಿದ್ದಾಗ ಹಿಂದಿನದನ್ನ ಎತ್ತಿದರೆ ಎರಡರ ಮೇಲೆ ನಿಲ್ಲಬೇಕು, ಬೀಳುತ್ತೆ. ನಾವು ಎದೆಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಿರಬೇಕು. ನಾಲ್ಕಾರು ದಿನದಲ್ಲಿ ಎಷ್ಟೋ ಗಂಡುನಾಯಿಗಳು ಕಾಲೆತ್ತದೆ ಬಗ್ಗಿ ಮಾಡೋದನ್ನ ಕಲೀತವೆ. ಇದ್ದಕ್ಕಿದ್ದ ಹಾಗೆ ಕೂಗಿ ಇಲ್ಲದ ಕಾಲಿನ ಕಡೆ ತಿರುಗಿದರೆ ಅದನ್ನ ಬರೆದಿಡಿ. ಹೋದ ಕಾಲಿನಲ್ಲೇ ನೋವು ಬಂದ ಹಾಗೆ ಮನುಷ್ಯರಿಗೆ ಆಗುತ್ತಲ್ಲ, ನಾಯಿಗೂ ಅಂಥದ್ದು ಇರಬಹುದು ಅಂತ ವೈದ್ಯರು ಯೋಚಿಸಿ ಔಷಧಿ ಬದಲಿಸ್ತಾರೆ.

ದೊಡ್ಡಪ್ಪ: ನಮ್ಮ ಮನೆ ನೆಲ ನೋಡಿದ್ದೀಯಲ್ಲ. ನಿನ್ನ ಅಣ್ಣ ಹೋದ ವರ್ಷ ಎಲ್ಲಾ ಕಡೆ ಹೊಳೆಯೋ ಟೈಲ್ಸ್ ಹಾಕಿಸಿದ. ನಾಲ್ಕು ಕಾಲಿದ್ದಾಗಲೇ ಜಾರುತ್ತಿತ್ತು.

ಮಗಳು: ದೊಡ್ಡಪ್ಪ, ನೀವು ಇದುವರೆಗೆ ಕೇಳಿದ್ದರಲ್ಲಿ ಮುಖ್ಯವಾದದ್ದು ಇದೇ. ಒಂದು ಸಲ ಜಾರಿ ಎದೆ ಬಡಿದು ಬಿದ್ದ ನಾಯಿ ಎರಡನೇ ಸಲ ಏಳೋಕೇ ಹೆದರುತ್ತೆ. ಕಾಲಿಲ್ಲದೆ ಅಲ್ಲ, ನೆಲ ನಂಬೋಕಾಗದೆ. ಅದು ಮಲಗೋ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಒಂದು ದಾರಿ ಮಾಡಬೇಕು. ಜಮಖಾನೆ ಹಾಸಿದರೆ ಅದೇ ಜಾರುತ್ತೆ. ತಳಕ್ಕೆ ರಬ್ಬರ್ ಇರೋ ಮ್ಯಾಟ್, ಯೋಗದ ಮ್ಯಾಟ್, ಕಾಯರ್ ಹಾಸು ಆಗುತ್ತೆ, ಅಂಚಿಗೆ ಟೇಪ್ ಅಂಟಿಸಬೇಕು. ಉಗುರು ಕತ್ತರಿಸಬೇಕು. ಪಾದದ ಮೆತ್ತೆಗಳ ನಡುವಿನ ಕೂದಲು ಬೆಳೆದಿದ್ದರೆ ಅದನ್ನೂ ತೆಗೀಬೇಕು, ಇಲ್ಲದಿದ್ದರೆ ಅದೇ ಜಾರಿಸುತ್ತೆ. ಮೆಟ್ಟಿಲಿಗೆ ಅಡ್ಡ ಹಲಗೆ. ಮುಂಗಾಲಿಲ್ಲದ ನಾಯಿ ಹತ್ತೋದಕ್ಕಿಂತ ಇಳಿಯುವಾಗಲೇ ಉರುಳೋದು, ಭಾರ ಎಲ್ಲ ಉಳಿದ ಆ ಒಂದು ಕಾಲಿಗೆ ಬರುತ್ತಲ್ಲ. ತಟ್ಟೆಯನ್ನ ಎದೆಮಟ್ಟಕ್ಕೆ ಮಣೆಯ ಮೇಲಿಡಿ, ನೆಲಕ್ಕೆ ಬಗ್ಗೋದು ತಪ್ಪುತ್ತೆ. ಇದೆಲ್ಲ ನಾಯಿ ಮನೆಗೆ ಬರೋ ಮೊದಲೇ ಆಗಿರಬೇಕು.

ದೊಡ್ಡಪ್ಪ: ಎತ್ತಿಕೊಂಡೇ ಓಡಾಡಿಸಿದರೆ ಆಗಲ್ವಾ? ಹದಿನೆಂಟು ಕಿಲೋ ಏನು ಮಹಾ.

ಮಗಳು: ಎತ್ತೋದು ಬೇಡ, ಆಸರೆ ಕೊಡಿ. ಎಷ್ಟೋ ಮನೇಲಿ ಪ್ರೀತಿಯೇ ತೊಡಕಾಗೋದು ಇಲ್ಲಿ. ನಾಯಿ ಏಳೋಕೆ ಒದ್ದಾಡೋದನ್ನ ನೋಡಲಾರದೆ ಎತ್ತಿಬಿಡ್ತಾರೆ. ಎದ್ದು ನಿಲ್ಲೋದನ್ನ ಕಲಿಯೋದು ಆ ಒದ್ದಾಟದಲ್ಲೇ. ಮುಂಗಾಲು ಹೋದರೆ ಎದೆಗೆ ಹಾಕೋ ಹಿಡಿ ಇರುವ ಪಟ್ಟಿ, ಹಿಂಗಾಲು ಹೋದರೆ ಹೊಟ್ಟೆಯಡಿ ಒಂದು ಟವೆಲ್, ಬೀಳದ ಹಾಗೆ ಹಿಡಿದರೆ ಸಾಕು, ಭಾರ ಅದೇ ಹೊರಲಿ. ಮೊದಲ ಎರಡು ವಾರ ಓಟ, ನೆಗೆತ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಹೊರಗೆ, ಹಗ್ಗ ಕಟ್ಟಿಯೇ. ಹೊಲಿಗೆ ತೆಗೆದ ಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸೋಣ. ನಿಂತಿರೋ ನಾಯಿಯ ಮೂಗಿನ ಮುಂದೆ ತಿಂಡಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ ನಿಧಾನವಾಗಿ ಸರಿಸಬೇಕು. ತಲೆ ಹೋದ ಕಡೆ ಭಾರ ಹೋಗುತ್ತೆ, ಬೆನ್ನು ಹೊಟ್ಟೆಯ ಸ್ನಾಯು ಗಟ್ಟಿಯಾಗ್ತವೆ. ಆಮೇಲೆ ಇದನ್ನೇ ಮೆತ್ತನೆ ದಿಂಬಿನ ಮೇಲೆ ನಿಲ್ಲಿಸಿ ಮಾಡಿಸೋದು. ನೀರಲ್ಲಿ ನಡೆಸೋ ವ್ಯಾಯಾಮ ಬೆಂಗಳೂರಿನಂಥ ಊರಲ್ಲಿ ಸಿಗುತ್ತೆ, ನಮಗೆ ಸಿಗದಿದ್ದರೂ ಇಷ್ಟು ಮನೇಲೇ ಆಗುತ್ತೆ.

ದೊಡ್ಡಪ್ಪ: ಊಟ? ಕಾಯಿಲೆ ಬಿದ್ದ ಪ್ರಾಣಿಗೆ ಚೆನ್ನಾಗಿ ಹಾಕಬೇಕು.

ಮಗಳು: ಮೊದಲ ವಾರ ಏನು ತಿಂದರೂ ಸರಿ, ತಿನ್ನಲಿ. ಬೇಯಿಸಿದ ಕೋಳಿ, ಮೊಟ್ಟೆ ಕೊಡಿ, ಗಾಯ ಕೂಡೋಕೆ ಅದು ಬೇಕು. ಆಮೇಲೆ ಬಿಗಿ ಹಿಡೀಬೇಕು. ಓಡಾಟ ಕಡಿಮೆ, ಕನಿಕರ ಜಾಸ್ತಿ, ಬಂದ ನೆಂಟರೆಲ್ಲ ಒಂದೊಂದು ಗ್ಲೂಕೋಸ್ ಬಿಸ್ಕತ್ತು ಹಾಕ್ತಾರೆ. ನಾನು ಹೇಳಿದ 2015ರ ಅಧ್ಯಯನದಲ್ಲೇ ಇದೆ, ಕಾಲು ತೆಗೆಯುವಾಗ ತೂಕ ಮತ್ತು ಬೊಜ್ಜು ಹೆಚ್ಚಿದ್ದ ನಾಯಿಗಳ ಆಮೇಲಿನ ಬದುಕು ಅಷ್ಟು ಚೆನ್ನಾಗಿರಲಿಲ್ಲ. ಉಳಿದ ಮೂರು ಕಾಲಿನ ಕೀಲುಗಳು ಇನ್ನು ಎಂಟು ಹತ್ತು ವರ್ಷ ಬಾಳಬೇಕು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಗಬೇಕು, ಅದೇ ಅಳತೆ. ಮುದ್ದೆ, ಅನ್ನದ ಪಾಲು ಇಳಿಸಿ.

ದೊಡ್ಡಪ್ಪ: ಇಷ್ಟು ಹೊತ್ತು ನೀನು ಹೇಳಿದ್ದೆಲ್ಲ ಒಪ್ಪಿದೆ ಅಂತಲೇ ಇಟ್ಟುಕೋ. ಆದ್ರೂ ಎರಡು ಮಾತು ಗಂಟಲಲ್ಲೇ ನಿಂತಿದೆ. ಇದು ನಾಲ್ಕು ವರ್ಷದ ನಾಯಿ, ಪೆಟ್ಟಿನಿಂದ ಹೋದ ಕಾಲು. ಮೂಳೆಯ ಕ್ಯಾನ್ಸರ್ ಬಂದ ಮುದಿ ನಾಯಿಗಳಿಗೂ ನೀವು ಹೀಗೇ ಕಾಲು ತೆಗೀತೀರಿ ಅಂತ ಕೇಳಿದ್ದೀನಿ. ಸಾಯೋ ನಾಯಿಗೆ ಯಾಕೆ ಕತ್ತಿ?

ಮಗಳು: ದೊಡ್ಡ ಜಾತಿಯ ನಾಯಿಗಳಿಗೆ ಬರೋ ಆಸ್ಟಿಯೋಸಾರ್ಕೋಮಾ ಅದು. ಕಂಡುಹಿಡಿಯೋ ಹೊತ್ತಿಗೆ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬೇರೆ ಕಡೆ, ಹೆಚ್ಚಾಗಿ ಶ್ವಾಸಕೋಶಕ್ಕೆ, ಹರಡಿರುತ್ತೆ. ಕಾಲು ಮಾತ್ರ ತೆಗೆದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳು ದಾಟೋದು ಕಷ್ಟ. ಕೀಮೋಥೆರಪಿಯನ್ನೂ ಕೊಟ್ಟರೆ ಅದು ಹತ್ತು ಹನ್ನೆರಡು ತಿಂಗಳಿಗೆ ಹೋಗುತ್ತೆ. ಅಲ್ಲಿ ಕಾಲು ತೆಗೆಯೋದು ರೋಗ ಗುಣಪಡಿಸೋಕೆ ಅಂತಲ್ಲ. ಆ ಮೂಳೆಯ ನೋವು ಅಷ್ಟು ಕ್ರೂರ, ಮಾತ್ರೆಗೆ ಬಗ್ಗಲ್ಲ, ಕೊನೆಗೆ ಮೂಳೆ ತಾನೇ ಮುರಿಯುತ್ತೆ. ನೋವಿನ ಮೂಲ ತೆಗೆದು ಉಳಿದ ದಿನ ಹಗುರ ಮಾಡೋದು ಉದ್ದೇಶ.

ದೊಡ್ಡಪ್ಪ: ನಾಲ್ಕು ತಿಂಗಳಲ್ಲಿ ಒಂದು ತಿಂಗಳು ಗಾಯ ಮಾಯೋದಕ್ಕೇ ಹೋಯ್ತು. ಉಳಿದದ್ದು ಮೂರು. ಅಷ್ಟಕ್ಕೆ ಆ ಪ್ರಾಣಿ ಇಷ್ಟೆಲ್ಲ ಪಡಬೇಕಾ ಅನ್ನೋದಕ್ಕೆ ನಿನ್ನ ಹತ್ತಿರ ಉತ್ತರ ಇದೆಯಾ?

ಮಗಳು: ಎಲ್ಲ ನಾಯಿಗೂ ಒಂದೇ ಉತ್ತರ ಇಲ್ಲ ದೊಡ್ಡಪ್ಪ. ಉಳಿದ ಮೂರು ಕಾಲು ಗಟ್ಟಿ ಇದ್ದು, ಉಣ್ಣೋ ಆಸೆ ಇದ್ದು, ಶ್ವಾಸಕೋಶದ ಎಕ್ಸ್‌ರೇ ಸ್ವಚ್ಛ ಇದ್ದರೆ ನಾನು ಮಾಡಿಸಿ ಅಂತೀನಿ. ಸೊಂಟದ ಕೀಲು ಸವೆದ, ಮೈ ತುಂಬಿದ, ಹನ್ನೆರಡು ವರ್ಷದ ನಾಯಿಗೆ ನೀವು ಹೇಳಿದ ದಾರಿಯೇ ಕರುಣೆ ಇರಬಹುದು. ಎರಡನೇ ಮಾತು ಏನು?

ದೊಡ್ಡಪ್ಪ: ಬೀದಿನಾಯಿ. ನಮ್ಮದಕ್ಕೆ ಮನೆ ಇದೆ, ಮ್ಯಾಟ್ ಇದೆ, ನಾನಿದ್ದೀನಿ. ಬೆಂಗಳೂರಿನ ಸಂಸ್ಥೆಗಳು ಗಾಡಿ ಹೊಡೆದ ನಾಯಿ ತಂದು ಕಾಲು ತೆಗೆದು ಗುಣಪಡಿಸ್ತವೆ, ಒಳ್ಳೇ ಕೆಲಸ. ಆಮೇಲೆ? ನಾಲ್ಕು ಕಾಲಿದ್ದಾಗಲೇ ಗಾಡಿಯಿಂದ ತಪ್ಪಿಸಿಕೊಳ್ಳಲಾಗದ ನಾಯಿಯನ್ನ ಮೂರು ಕಾಲಲ್ಲಿ ಅದೇ ರಸ್ತೆಗೆ ಬಿಡೋದಾ? ಬೇರೆ ನಾಯಿಗಳು ಮೇಲೆ ಬಿದ್ದರೆ ಓಡೋದು ಹೇಗೆ? ಆಶ್ರಯದಲ್ಲೇ ಇಟ್ಟುಕೊಂಡರೆ ಹತ್ತು ವರ್ಷ ಒಂದು ಜಾಗ ಹೋಯ್ತು. ಆ ಜಾಗದಲ್ಲಿ ಎಷ್ಟು ಗಾಯದ ನಾಯಿಗಳು ಬಂದು ವಾಸಿಯಾಗಿ ಹೋಗಬಹುದಿತ್ತು? ಆ ದುಡ್ಡಲ್ಲಿ ಎಷ್ಟಕ್ಕೆ ರೇಬೀಸ್ ಲಸಿಕೆ ಹಾಕಬಹುದಿತ್ತು?

ಮಗಳು: ಬೀದಿಯಲ್ಲಿ ಮೂರು ಕಾಲಲ್ಲೇ ವರ್ಷಗಟ್ಟಲೆ ಬದುಕಿರೋ ನಾಯಿಗಳಿವೆ. ಅಂಗಡಿಯವರು ಹಾಕಿದ್ದು ತಿಂದು, ತಮ್ಮ ಬೀದಿ ಬಿಟ್ಟು ಹೋಗದೆ. ಆದ್ರೆ ಬದುಕಿದವು ಮಾತ್ರ ನಮ್ಮ ಕಣ್ಣಿಗೆ ಬೀಳೋದು ಅನ್ನೋದೂ ನನಗೆ ಗೊತ್ತು. ಲಸಿಕೆಯ ದುಡ್ಡು, ಚಿಕಿತ್ಸೆಯ ದುಡ್ಡು ಒಂದೇ ಚೀಲದಿಂದ ಬರಲ್ಲ. ಕಣ್ಣೆದುರು ಬಿದ್ದಿರೋ ಒಂದು ನಾಯಿಗೆ ಕೊಡೋ ಮನುಷ್ಯ ಲಸಿಕೆಗೆ ಕೊಟ್ಟೇ ಕೊಡ್ತಾನೆ ಅಂತಲೂ ಇಲ್ಲ. ಇಷ್ಟು ಹೇಳಿದರೂ ನಿಮ್ಮ ಪ್ರಶ್ನೆ ಪೂರ್ತಿ ಮುಗಿಯಲ್ಲ, ಒಪ್ತೀನಿ. ಮನೆ ಸಿಗೋ ಭರವಸೆ ಇಲ್ಲದ ನಾಯಿಯ ವಿಷಯದಲ್ಲಿ ನನ್ನ ಮನಸ್ಸೂ ದಿನಕ್ಕೊಂದು ಕಡೆ ವಾಲುತ್ತೆ.

ಇಬ್ಬರೂ ಇಲ್ಲಿಗೆ ಬಂದದ್ದು ಬೇರೆ ಬೇರೆ ದಾರಿಯಿಂದ. ಹಿರಿಯರ ಸಂಶಯಗಳನ್ನು ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆ ಬೇಡ ಎನ್ನುವುದಕ್ಕೆ ಕಾರಣಗಳಲ್ಲ, ಅದಕ್ಕೆ ಮೊದಲು ಈಡೇರಬೇಕಾದ ಷರತ್ತುಗಳು. ಜಾರುವ ನೆಲ, ಮೈಭಾರ, ನೋವು ತಿಳಿಯದಿರುವುದು, ನೋಡಿಕೊಳ್ಳುವವರಿಲ್ಲದಿರುವುದು, ಇವು ಇರುವ ಕಡೆ ಅತ್ಯುತ್ತಮ ಶಸ್ತ್ರವೈದ್ಯರ ಕೆಲಸವೂ ಹಾಳಾಗುತ್ತದೆ. ನಾಯಿಗಳು ಬೇಗ ಹೊಂದಿಕೊಳ್ಳುತ್ತವೆ ಎಂಬ ಮಾತು ನಿಜವಾಗುವುದು ಹೊಂದಿಕೊಳ್ಳಲು ಬಿಡುವ ಮನೆಯಲ್ಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಆಸ್ಪತ್ರೆಗಳು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಹಿಡಿದು ತಾಲ್ಲೂಕಿನ ದವಾಖಾನೆಯವರೆಗೆ, ಮನೆಯ ನೆಲ ಎಂಥದ್ದು, ಹಗಲು ಯಾರಿರುತ್ತಾರೆ ಎಂದೂ ಅದೇ ಉಸಿರಿನಲ್ಲಿ ಕೇಳಬೇಕು. ಅದು ಚಿಕಿತ್ಸೆಯ ಭಾಗವೇ.

ದೊಡ್ಡಪ್ಪ: ಸರಿ ಮಗಳೇ, ಮ್ಯಾಟ್ ತರಿಸ್ತೀನಿ. ಆದ್ರೆ ಒಂದು ಮಾತು ಈಗಲೇ ಆಗಲಿ. ಒಂದು ತಿಂಗಳು, ಎರಡು ತಿಂಗಳು ಆಗಿಯೂ ಅದು ಏಳದೆ, ಉಣ್ಣದೆ ಸೊರಗಿದರೆ, ಆಗ ನೀನು ಇನ್ನೊಂದು ಔಷಧಿ ನೋಡೋಣ, ಇನ್ನೊಂದು ವಾರ ಕಾಯೋಣ ಅಂತ ಎಳೀಬಾರದು.

ಮಗಳು: ಎಳೆಯಲ್ಲ. ಅಮೆರಿಕದಲ್ಲಿ ಆಲಿಸ್ ವಿಲ್ಲಲೋಬೋಸ್ ಅನ್ನೋ ಪಶುವೈದ್ಯೆ ಏಳು ವಿಷಯದ ಒಂದು ಅಳತೆ ಮಾಡಿದ್ದಾರೆ. ನೋವು, ಹಸಿವು, ನೀರು ಕುಡಿಯೋದು, ಮೈಶುಚಿ, ಲವಲವಿಕೆ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಹೆಚ್ಚಿವೆಯಾ ಅನ್ನೋದು. ಒಂದೊಂದಕ್ಕೂ ಹತ್ತು ಅಂಕ, ಒಟ್ಟು ಮೂವತ್ತೈದು ದಾಟಿದರೆ ಬದುಕು ಸಹಿಸೋ ಹಾಗಿದೆ ಅಂತ. ವಾರಕ್ಕೊಂದು ಸಲ ಕ್ಯಾಲೆಂಡರ್ ಮೇಲೆ ಬರೆಯೋಣ.

ದೊಡ್ಡಪ್ಪ: ಬರೆಯೋದು ಯಾರು?

ಮಗಳು: ಅದರ ಮೇಲೆ ನಮ್ಮಷ್ಟು ಮಮತೆ ಇಲ್ಲದವರು ಬರೆದರೆ ವಾಸಿ. ಆಸ್ಪತ್ರೆಯ ಡಾಕ್ಟರು.

ದೊಡ್ಡಪ್ಪ: ನಾನು ಒಪ್ಪಲ್ಲ. ವಾರಕ್ಕೆ ಹತ್ತು ನಿಮಿಷ ನೋಡೋರಿಗೆ ಅದು ರಾತ್ರಿ ಮಲಗಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಆಸ್ಪತ್ರೆ ಮೇಜಿನ ಮೇಲೆ ಹೆದರಿ ನಿಂತ ನಾಯಿ ಬೇರೆ, ಮನೆಯ ಹಿತ್ತಿಲಲ್ಲಿರೋ ನಾಯಿ ಬೇರೆ.

ಮಗಳು: ದಿನವೂ ನೋಡೋರಿಗೆ ನಿಧಾನವಾಗಿ ಆಗೋ ಇಳಿಕೆ ಕಾಣಲ್ಲ ದೊಡ್ಡಪ್ಪ, ಅದೂ ಅಷ್ಟೇ ನಿಜ.

ದೊಡ್ಡಪ್ಪ: ಹಾಗಾದ್ರೆ ಮೂರು ಕಡೆ ಬರೀಲಿ. ನೀನೊಂದು, ನಾನೊಂದು, ಡಾಕ್ಟರೊಂದು. ಮೂರೂ ಬೇರೆ ಬೇರೆ ಬಂದ ವಾರ ಕೂತು ಮಾತಾಡೋಣ.